ಎರಡನೇ ಗ್ರಾಫಿಕ್ಸ್ ಕಾರ್ಡ್ ಹಾಕಿ ಎರಡು ಮಾನಿಟರ್ ನಡೆಸುವುದು: ಸ್ಲಾಟ್‌ನಿಂದ ಡ್ರೈವರ್‌ವರೆಗೆ

ಕಾರ್ಡ್ ಕೊಳ್ಳಲು ಹೊರಡುವ ಮುಂಚೆ ಸಿಪಿಯು ಪೆಟ್ಟಿಗೆಯನ್ನು ಗೋಡೆಯಿಂದ ಸ್ವಲ್ಪ ಈಚೆ ಎಳೆದು ಹಿಂಭಾಗಕ್ಕೆ ಟಾರ್ಚ್ ಹಿಡಿಯಿರಿ. ಎರಡನೇ ಮಾನಿಟರ್‌ಗೆಂದು ಎರಡನೇ ಕಾರ್ಡ್ ಹುಡುಕುವ ಎಷ್ಟೋ ಜನರಿಗೆ ಅದರ ಅಗತ್ಯವೇ ಇರುವುದಿಲ್ಲ. ಬೇಕಾದ ಪೋರ್ಟ್ ಪೆಟ್ಟಿಗೆಯ ಹಿಂದೆಯೇ ಖಾಲಿ ಕುಳಿತಿರುತ್ತದೆ. ಅದಕ್ಕೇ ಈ ಬರಹದ ಮೊದಲ ಭಾಗ ಕಾರ್ಡ್ ಕೊಳ್ಳದೆ ಕೆಲಸ ಮುಗಿಸುವ ಬಗ್ಗೆ. ಅದು ನಿಮಗೆ ಆಗದು ಎಂದು ಖಾತ್ರಿಯಾದ ಮೇಲೆ ಮುಂದಿನದನ್ನು ಓದಿ.

ಮೊದಲು ಇರುವ ಪೋರ್ಟ್‌ಗಳನ್ನು ಎಣಿಸಿ

ಈಗಿರುವ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಎರಡು ಪೋರ್ಟ್ ಇದ್ದರೆ ಸಾಮಾನ್ಯವಾಗಿ ಎರಡು ಮಾನಿಟರ್ ಅದರಲ್ಲೇ ನಡೆಯುತ್ತವೆ. ಒಂದು ಎಚ್‌ಡಿಎಂಐ, ಇನ್ನೊಂದು ಡಿವಿಐ ಅಥವಾ ಡಿಸ್‌ಪ್ಲೇಪೋರ್ಟ್ ಇರಬಹುದು. ಎರಡೂ ಒಂದೇ ಬಗೆಯವಾಗಿರಬೇಕೆಂದಿಲ್ಲ. ಮಾನಿಟರ್‌ನಲ್ಲಿ ಆ ಪೋರ್ಟ್ ಇಲ್ಲದಿದ್ದರೆ ಅಡಾಪ್ಟರ್ ಸಾಕು. ಅದರ ಬೆಲೆ ಕಾರ್ಡಿನ ಬೆಲೆಯ ಒಂದು ಚಿಕ್ಕ ಪಾಲು.

ಕಾರ್ಡ್‌ನಲ್ಲಿ ಕೆಲಸ ಮಾಡುವ ಪೋರ್ಟ್ ಒಂದೇ ಇದ್ದರೆ ಮದರ್‌ಬೋರ್ಡಿನ ಪೋರ್ಟ್ ನೋಡಿ. ಅದು ಜೀವಂತವಾಗಲು ಪ್ರೊಸೆಸರ್ ಒಳಗೇ ಗ್ರಾಫಿಕ್ಸ್ ಇರಬೇಕು. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ ಎಫ್ ಇದ್ದರೆ ಗ್ರಾಫಿಕ್ಸ್ ಇಲ್ಲ: ಐ3-12100ರಲ್ಲಿ ಇದೆ, ಐ3-12100ಎಫ್‌ನಲ್ಲಿ ಇಲ್ಲ. ಎಎಂಡಿಯ ರೈಜನ್ 5 3600, 5600ರಲ್ಲಿ ಇಲ್ಲ, 5600ಜಿಯಲ್ಲಿ ಇದೆ. ರೈಜನ್ 7000 ಸರಣಿಯ 7600ರಲ್ಲಿ ಇದೆ, 7500ಎಫ್‌ನಲ್ಲಿ ಇಲ್ಲ.

ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇದ್ದರೂ ಬೋರ್ಡಿನ ಪೋರ್ಟ್‌ಗೆ ಕೇಬಲ್ ಹಾಕಿದಾಗ ‘ನೋ ಸಿಗ್ನಲ್’ ಎಂದೇ ಬರಬಹುದು. ಸ್ಲಾಟ್‌ನಲ್ಲಿ ಕಾರ್ಡ್ ಕಂಡ ಕೂಡಲೇ ಒಳಗಿನ ಗ್ರಾಫಿಕ್ಸ್ ಅನ್ನು ಬಯೋಸ್ (ವಿಂಡೋಸ್‌ಗೂ ಮುಂಚೆ ಏಳುವ ಮದರ್‌ಬೋರ್ಡಿನ ತಂತ್ರಾಂಶ) ಆಫ್ ಮಾಡಿಬಿಡುವುದು ಇದಕ್ಕೆ ಕಾರಣ. ಬಯೋಸ್ ಒಳಗೆ ಅದನ್ನು ಮತ್ತೆ ಆನ್ ಮಾಡಬೇಕು. ಏಸೂಸ್ ಬೋರ್ಡ್‌ಗಳಲ್ಲಿ ‘ಐಜಿಪಿಯು ಮಲ್ಟಿ ಮಾನಿಟರ್’, ಎಂಎಸ್‌ಐನಲ್ಲಿ ‘ಐಜಿಡಿ ಮಲ್ಟಿ ಮಾನಿಟರ್’, ಗಿಗಾಬೈಟ್‌ನಲ್ಲಿ ‘ಇಂಟರ್ನಲ್ ಗ್ರಾಫಿಕ್ಸ್’ ಎಂಬ ಹೆಸರಿನಲ್ಲಿ ಈ ಆಯ್ಕೆ ಸಿಗುತ್ತದೆ. ಅದನ್ನು ಎನೇಬಲ್ ಮಾಡಿ, ಸೇವ್ ಮಾಡಿ ಹೊರಬನ್ನಿ. ಎರಡನೇ ಮಾನಿಟರ್ ಬೆಳಗಿದರೆ ಇಲ್ಲಿಗೇ ನಿಮ್ಮ ಕೆಲಸ ಮುಗಿಯಿತು. ಬರೀ ಟೈಪಿಂಗ್, ಬ್ರೌಸರ್, ಡಿಟಿಪಿ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಎಚ್‌ಡಿಎಂಐ ಸ್ಪ್ಲಿಟರ್ ಕೊಂಡು ಹಣ ಕಳೆದುಕೊಳ್ಳಬೇಡಿ. ಅದು ಒಂದೇ ಚಿತ್ರವನ್ನು ಎರಡೂ ಮಾನಿಟರ್‌ಗೆ ಕಳಿಸುತ್ತದೆ. ಎರಡರಲ್ಲಿ ಬೇರೆ ಬೇರೆ ಕೆಲಸ ಇಟ್ಟುಕೊಳ್ಳಲು ಬರುವುದಿಲ್ಲ.

ಎರಡನೇ ಕಾರ್ಡ್ ನಿಜವಾಗಿ ಬೇಕಾಗುವುದು ಯಾವಾಗ

ಪ್ರೊಸೆಸರ್‌ನಲ್ಲಿ ಗ್ರಾಫಿಕ್ಸ್ ಇಲ್ಲ, ಈಗಿನ ಕಾರ್ಡ್‌ನಲ್ಲಿ ಕೆಲಸ ಮಾಡುವ ಪೋರ್ಟ್ ಒಂದೇ ಇದೆ ಎಂದಿಟ್ಟುಕೊಳ್ಳಿ. ಅಥವಾ ಕಾರ್ಡಿನ ಎಲ್ಲ ಪೋರ್ಟ್‌ಗಳೂ ತುಂಬಿ, ಇನ್ನೊಂದು ಮಾನಿಟರ್ ಬೇಕಾಗಿದೆ. ಪೋರ್ಟ್ ಮೂರಿದ್ದರೂ ಚಿಪ್ ಎರಡೇ ಮಾನಿಟರ್ ನಡೆಸುವ ಹಳೆಯ ಕಾರ್ಡ್‌ಗಳೂ ಇವೆ. ಎನ್ವಿಡಿಯಾದ ಫರ್ಮಿ ತಲೆಮಾರು ಅಂಥದ್ದು. ಮೂರನೆಯದನ್ನು ಆನ್ ಮಾಡಿದರೆ ಮೊದಲೆರಡರಲ್ಲಿ ಒಂದು ಆರುತ್ತದೆ. ಇಂಥ ಸಂದರ್ಭಗಳಲ್ಲಿ ಎರಡನೇ ಕಾರ್ಡ್ ಸರಿಯಾದ ಪರಿಹಾರ.

ಉದಾಹರಣೆಗೆ ರೈಜನ್ 5 3600, ಬಿ450 ಮಾದರಿಯ ಮದರ್‌ಬೋರ್ಡ್, ಒಂದೇ ಪೋರ್ಟ್ ಕೆಲಸ ಮಾಡುವ ಎನ್ವಿಡಿಯಾ ಕಾರ್ಡ್ ಇರುವ ಪೆಟ್ಟಿಗೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಹೋಗೋಣ. ಅದಕ್ಕೆ 1080ಪಿ ಮಾನಿಟರ್ ಒಂದನ್ನು ಸೇರಿಸಬೇಕು.

ಸ್ಲಾಟ್: ಉದ್ದ ನೋಡಿ ಮೋಸಹೋಗಬೇಡಿ

ಬೋರ್ಡಿನ ಮೇಲೆ ಉದ್ದನೆಯ ಎಕ್ಸ್16 ಸ್ಲಾಟ್ ಎರಡು ಕಂಡರೂ ಎರಡೂ ಒಂದೇ ವೇಗದವಲ್ಲ. ಮೇಲಿನದು ನೇರವಾಗಿ ಪ್ರೊಸೆಸರ್‌ಗೆ ಹೋಗುತ್ತದೆ, ಅದರಲ್ಲಿ 16 ಲೇನ್ (ಡೇಟಾ ಓಡಾಡುವ ದಾರಿ) ಇರುತ್ತವೆ. ಕೆಳಗಿನದು ಕಡಿಮೆ ಬೆಲೆಯ ಬೋರ್ಡ್‌ಗಳಲ್ಲಿ ಚಿಪ್‌ಸೆಟ್ (ಬೋರ್ಡಿನ ಮೇಲಿನ ಸಹಾಯಕ ಚಿಪ್) ಮೂಲಕ ಬರುತ್ತದೆ, ಒಳಗೆ 4 ಲೇನ್ ಮಾತ್ರ. ಬಿ450ಯಲ್ಲಿ ಅದೂ ಪಿಸಿಐ ಎಕ್ಸ್‌ಪ್ರೆಸ್ 2.0 ವೇಗದ್ದು. ಎಚ್510, ಎಚ್610, ಎ320, ಎ520 ಬಗೆಯ ಚಿಕ್ಕ ಬೋರ್ಡ್‌ಗಳಲ್ಲಿ ಉದ್ದನೆಯ ಸ್ಲಾಟ್ ಸಾಮಾನ್ಯವಾಗಿ ಒಂದೇ. ಜೊತೆಗೆ ಒಂದೋ ಎರಡೋ ಪುಟ್ಟ ಎಕ್ಸ್1 ಸ್ಲಾಟ್.

ಇದು ಯಾಕೆ ಮುಖ್ಯ ಎನ್ನುವುದನ್ನು ಲೆಕ್ಕ ಹಾಕಿ ನೋಡಿದರೆ ತಿಳಿಯುತ್ತದೆ. 1920 × 1080 ಎಂದರೆ 20,73,600 ಚುಕ್ಕೆಗಳು. ಒಂದೊಂದಕ್ಕೆ 4 ಬೈಟ್. ಒಂದು ಚಿತ್ರಕ್ಕೆ ಸುಮಾರು 8.3 ಎಂಬಿ, ಸೆಕೆಂಡಿಗೆ 60 ಚಿತ್ರ ಎಂದರೆ ಹತ್ತಿರಹತ್ತಿರ 498 ಎಂಬಿ. ಪಿಸಿಐ ಎಕ್ಸ್‌ಪ್ರೆಸ್ 2.0ರ ಒಂದು ಲೇನ್ ಕಾಗದದ ಮೇಲೆ ಸಾಗಿಸಬಲ್ಲದ್ದು ಸೆಕೆಂಡಿಗೆ 500 ಎಂಬಿ! ಮೊದಲ ಕಾರ್ಡ್ ಬಿಡಿಸಿದ ಕಿಟಕಿಯನ್ನು ಎರಡನೇ ಕಾರ್ಡಿನ ಮಾನಿಟರ್‌ಗೆ ಎಳೆದಾಗ ವಿಂಡೋಸ್ ಆ ಚಿತ್ರಗಳನ್ನು ಒಂದು ಕಾರ್ಡ್‌ನಿಂದ ಇನ್ನೊಂದಕ್ಕೆ ನಕಲು ಮಾಡುತ್ತಲೇ ಇರಬೇಕು. ಆಗ ಎಕ್ಸ್1 ಸ್ಲಾಟ್ ಉಸಿರು ಕಟ್ಟುತ್ತದೆ, ವಿಡಿಯೊ ತಡವರಿಸುತ್ತದೆ. ಪಠ್ಯ, ಎಕ್ಸೆಲ್, ಟ್ಯಾಲಿಯಂಥ ನಿಂತ ಪರದೆಗೆ ಎಕ್ಸ್1 ಸಾಕು, ಯಾಕೆಂದರೆ ಬದಲಾಗುವ ಭಾಗ ಕಡಿಮೆ. ಸಿನಿಮಾ, ಆಟ ಎರಡನೇ ಮಾನಿಟರ್‌ನಲ್ಲಿ ಬೇಕೆಂದರೆ ಕನಿಷ್ಠ 4 ಲೇನ್ ಇರಲಿ.

ಮದರ್‌ಬೋರ್ಡಿನ ಪುಸ್ತಕದಲ್ಲಿ ಇನ್ನೊಂದು ಸಾಲು ಹುಡುಕಿ: ಎಂ.2 ಎಸ್‌ಎಸ್‌ಡಿ (ಬೋರ್ಡಿನ ಮೇಲೇ ಕೂರುವ ಪುಟ್ಟ ಡಿಸ್ಕ್) ಹಾಕಿದರೆ ಯಾವ ಸ್ಲಾಟ್ ಆರುತ್ತದೆ ಎನ್ನುವುದು. ಹಲವು ಬೋರ್ಡ್‌ಗಳಲ್ಲಿ ಎಂ.2 ಜಾಗವೂ ಕೆಳಗಿನ ಸ್ಲಾಟೂ ಒಂದೇ ಲೇನ್‌ಗಳನ್ನು ಹಂಚಿಕೊಳ್ಳುತ್ತವೆ. ಎಲ್ಲ ಸರಿಯಾಗಿ ಕೂರಿಸಿದ ಮೇಲೂ ಕಾರ್ಡ್ ಕಾಣದೇ ಇದ್ದರೆ ಮೊದಲ ಅನುಮಾನ ಇದರ ಮೇಲೆ ಇರಲಿ.

ಯಾವ ಕಾರ್ಡ್: ಡ್ರೈವರ್ ನೋಡಿ ಕೊಳ್ಳಿ

ಜನ ಹೆಚ್ಚಾಗಿ ಎಡವುವುದು ಇಲ್ಲಿಯೇ. ಎರಡೂ ಕಾರ್ಡ್ ಎನ್ವಿಡಿಯಾದವಾದರೆ ವಿಂಡೋಸ್‌ನಲ್ಲಿ ಎರಡಕ್ಕೂ ಒಂದೇ ಆವೃತ್ತಿಯ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಹೊಂದಬೇಕು. ಅಗ್ಗಕ್ಕೆ ಸಿಗುವ ಜಿಟಿ 710 ಕೆಪ್ಲರ್ ತಲೆಮಾರಿನದು. ಅದಕ್ಕೆ ಕೊನೆಯದು 470 ಶಾಖೆಯ (ಆವೃತ್ತಿ ಸರಣಿಯ) ಡ್ರೈವರ್. ಆ ಡ್ರೈವರ್‌ಗೆ ಆರ್‌ಟಿಎಕ್ಸ್ 4060 ಗೊತ್ತಿಲ್ಲ, ಆರ್‌ಟಿಎಕ್ಸ್ 4060ರ ಡ್ರೈವರ್‌ಗೆ ಜಿಟಿ 710 ಗೊತ್ತಿಲ್ಲ. ಒಂದನ್ನು ಹಾಕಿದರೆ ಇನ್ನೊಂದು ಕೆಡುತ್ತದೆ. ದಿನವಿಡೀ ಡ್ರೈವರ್ ಅಳಿಸಿ ಹಾಕಿದರೂ ಈ ಜೋಡಿ ನೆಟ್ಟಗಾಗುವುದಿಲ್ಲ.

ಪಾಸ್ಕಲ್ ತಲೆಮಾರಿನ ಜಿಟಿ 1030 ಈ ವಿಚಾರದಲ್ಲಿ ಉತ್ತಮ. 580 ಶಾಖೆಯವರೆಗಿನ ಡ್ರೈವರ್ ಅದನ್ನೂ ಹೊಸ ಆರ್‌ಟಿಎಕ್ಸ್ ಕಾರ್ಡ್‌ಗಳನ್ನೂ ಒಟ್ಟಿಗೆ ನಡೆಸುತ್ತದೆ. ಮುಂದಿನ ಶಾಖೆಗಳಲ್ಲಿ ಪಾಸ್ಕಲ್ ಇಲ್ಲ, ಆದ್ದರಿಂದ ಅಪ್‌ಡೇಟ್ ಒತ್ತುವ ಮುನ್ನ ಆವೃತ್ತಿ ನೋಡಿಕೊಳ್ಳಬೇಕು.

ಒಂದು ಎನ್ವಿಡಿಯಾ, ಇನ್ನೊಂದು ಎಎಂಡಿ ಆದರೆ ಈ ತಂಟೆಯೇ ಇಲ್ಲ. ಎರಡು ಕಂಪನಿಗಳ ಡ್ರೈವರ್ ಜೊತೆಯಾಗಿ ಇರಬಾರದು ಎಂಬ ಭಯ ವಿಂಡೋಸ್ ವಿಸ್ಟಾ ಕಾಲದ್ದು. ಆಗ ಆ ನಿರ್ಬಂಧ ನಿಜವಾಗಿಯೂ ಇತ್ತು, ವಿಂಡೋಸ್ 7ರಲ್ಲಿ ಹೋಯಿತು. ನಮ್ಮ ಉದಾಹರಣೆಯ ಪೆಟ್ಟಿಗೆಗೆ ಎಎಂಡಿಯ ಆರ್‌ಎಕ್ಸ್ 550 ಅಥವಾ ಆರ್‌ಎಕ್ಸ್ 6400 ಒಗ್ಗುತ್ತದೆ. ಎರಡನೇ ಕಾರ್ಡ್ ಮೊದಲಿನದರಷ್ಟೇ ಬಲಶಾಲಿ ಆಗಬೇಕಾಗಿಲ್ಲ, ಎಸ್‌ಎಲ್‌ಐ ಸೇತುವೆಯೂ ಬೇಡ. ಅದು ಎರಡು ಕಾರ್ಡ್ ಸೇರಿ ಒಂದು ಆಟ ನಡೆಸುವ ಬೇರೆಯೇ ಏರ್ಪಾಡು.

ಬೆಂಗಳೂರಿನ ಎಸ್.ಪಿ. ರೋಡಿನಂಥ ಕಡೆ ಹಳೆಯ ಜಿಫೋರ್ಸ್ 210, ರೇಡಿಯಾನ್ ಎಚ್‌ಡಿ 5450 ಕಾರ್ಡ್‌ಗಳು ಕಣ್ಣಿಗೆ ಬಿದ್ದರೆ ಬೆಲೆಗೆ ಮರುಳಾಗಬೇಡಿ. ವಿಂಡೋಸ್ 11ಕ್ಕೆಂದು ತಯಾರಕರು ಮಾಡಿದ ಡ್ರೈವರ್ ಅವಕ್ಕಿಲ್ಲ. ಜಿಟಿ 730 ಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ಅದೇ ಹೆಸರಿನಲ್ಲಿ ಫರ್ಮಿ ಚಿಪ್‌ನ ಕಾರ್ಡೂ ಇದೆ, ಕೆಪ್ಲರ್ ಚಿಪ್‌ನದೂ ಇದೆ. ಫರ್ಮಿಗೆ ಡ್ರೈವರ್ ಬರುವುದು 2018ರಲ್ಲೇ ನಿಂತಿತು.

ವಿದ್ಯುತ್

ಎಕ್ಸ್16 ಸ್ಲಾಟ್ ತಾನಾಗಿಯೇ 75 ವ್ಯಾಟ್‌ವರೆಗೆ ಕೊಡುತ್ತದೆ. ಜಿಟಿ 710ಕ್ಕೆ 19, ಜಿಟಿ 1030ಕ್ಕೆ 30, ಆರ್‌ಎಕ್ಸ್ 550ಗೆ 50, ಆರ್‌ಎಕ್ಸ್ 6400ಕ್ಕೆ 53 ವ್ಯಾಟ್ ಸಾಕು. ಯಾವುದಕ್ಕೂ ಬೇರೆ ವೈರ್ ಬೇಡ. ಎಕ್ಸ್1 ಸ್ಲಾಟ್‌ಗೆ ನಿಯಮದ ಮಿತಿ 25 ವ್ಯಾಟ್, ಹಾಗಾಗಿ ಅಲ್ಲಿ ಎಕ್ಸ್1 ಮಾದರಿಯ ಜಿಟಿ 710 ಸರಿಹೋಗುತ್ತದೆ, ಅದಕ್ಕಿಂತ ದೊಡ್ಡದು ಬೇಡ. ಅದೂ ಡ್ರೈವರ್ ಜೋಡಿ ಹೊಂದಿದರೆ ಮಾತ್ರ.

ಕಚೇರಿಗಳಿಂದ ಬಂದ ಸೆಕೆಂಡ್‌ಹ್ಯಾಂಡ್ ಸಣ್ಣ ಡೆಸ್ಕ್‌ಟಾಪ್‌ಗಳಲ್ಲಿ ಎಸ್‌ಎಂಪಿಎಸ್ (ವಿದ್ಯುತ್ ಪೂರೈಸುವ ಡಬ್ಬ) 180ರಿಂದ 240 ವ್ಯಾಟಿನದಿರುತ್ತದೆ. ಅವಕ್ಕೆ 30 ವ್ಯಾಟ್ ಒಳಗಿನ ಕಾರ್ಡ್ ಆಯ್ದುಕೊಳ್ಳಿ. ಅವುಗಳ ಪೆಟ್ಟಿಗೆ ತೆಳ್ಳಗಿರುವುದರಿಂದ ಲೋ ಪ್ರೊಫೈಲ್ (ಗಿಡ್ಡ) ಕಾರ್ಡೇ ಬೇಕು. ಡಬ್ಬದೊಳಗೆ ಗಿಡ್ಡ ತಗಡಿನ ಪಟ್ಟಿ ಇದೆಯೇ ಎಂದು ಅಂಗಡಿಯಲ್ಲೇ ತೆರೆದು ನೋಡಿ.

ಯುಪಿಎಸ್ ಲೆಕ್ಕವನ್ನೂ ಮರೆಯಬೇಡಿ. 600 ವಿಎ ಎಂದು ಬರೆದ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ಹೊಸ ಕಾರ್ಡ್, 20ರಿಂದ 30 ವ್ಯಾಟ್ ಎಳೆಯುವ ಹೊಸ ಮಾನಿಟರ್ ಸೇರಿದ ಮೇಲೆ ಕರೆಂಟ್ ಹೋದಾಗ ಅದು ಮೊದಲಿನಷ್ಟು ಹೊತ್ತು ತಡೆಯುವುದಿಲ್ಲ.

ಕೇಬಲ್, ಅಡಾಪ್ಟರ್

ಹೊಸ ಕಾರ್ಡ್‌ಗಳು ವಿಜಿಎ ಸಿಗ್ನಲ್ ಕೊಡುವುದೇ ಇಲ್ಲ. ಎಚ್‌ಡಿಎಂಐಯಿಂದ ವಿಜಿಎಗೆ ಹೋಗಲು ಒಳಗೆ ಚಿಪ್ ಇರುವ ಅಡಾಪ್ಟರ್ ಬೇಕು. ಬರೀ ವೈರ್ ಜೋಡಿಸಿದ ಕೇಬಲ್ ಕೆಲಸ ಮಾಡದು. ಡಿವಿಐ ಪೋರ್ಟ್ ಆದರೆ ಚಪ್ಪಟೆ ಪಿನ್ನಿನ ಸುತ್ತ ನಾಲ್ಕು ಪುಟ್ಟ ರಂಧ್ರಗಳಿವೆಯೇ ನೋಡಿ. ಇದ್ದರೆ ಡಿವಿಐ-ಐ, ಸಾದಾ ಅಡಾಪ್ಟರ್‌ನಿಂದ ವಿಜಿಎ ಬರುತ್ತದೆ. ಇಲ್ಲದಿದ್ದರೆ ಡಿವಿಐ-ಡಿ, ಬರುವುದಿಲ್ಲ. ಕಾರ್ಡಿನ ಡಿಸ್‌ಪ್ಲೇಪೋರ್ಟ್‌ನಿಂದ ಮಾನಿಟರಿನ ಎಚ್‌ಡಿಎಂಐಗೆ ಸಾದಾ ಕೇಬಲ್ ಸಾಕು, ತಿರುಗುಮುರುಗಾಗಿ ನಡೆಯದು.

4ಕೆ ಮಾನಿಟರ್ ಇದ್ದರೆ ಜಿಟಿ 710ರ ಎಚ್‌ಡಿಎಂಐ 1.4 ಸೆಕೆಂಡಿಗೆ 30 ಚಿತ್ರ ಮಾತ್ರ ಕೊಡುತ್ತದೆ. ಮೌಸ್ ಬಾಣ ಎಳೆದಾಗ ಜಗ್ಗಿದಂತೆ ಕಾಣುತ್ತದೆ. ಜಿಟಿ 1030ರ ಎಚ್‌ಡಿಎಂಐ 2.0 ಪೂರ್ತಿ 60 ಕೊಡುತ್ತದೆ.

ಕೂರಿಸುವುದು

ಪೆಟ್ಟಿಗೆ ತೆರೆಯುವ ಮೊದಲು ಎರಡು ಕೆಲಸ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿಗೆ ಬೀಗ ಹಾಕುವ ಸೌಲಭ್ಯ) ಇದ್ದರೆ ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಡಿ ಅಥವಾ ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ಸಸ್ಪೆಂಡ್ ಮಾಡಿ. ಬಯೋಸ್ ಬದಲಾವಣೆಯ ನಂತರ ಆ 48 ಅಂಕಿಗಳನ್ನು ಕೇಳಬಹುದು, ಆಗ ಕೈಯಲ್ಲಿಲ್ಲದಿದ್ದರೆ ಡೇಟಾ ಸಿಕ್ಕದು. ಬಳಿಕ ಹೊಸ ಕಾರ್ಡಿನ ಡ್ರೈವರ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

1. ಕಂಪ್ಯೂಟರ್ ಶಟ್‌ಡೌನ್ ಮಾಡಿ, ಗೋಡೆಯ ಸ್ವಿಚ್ ಆರಿಸಿ, ಪ್ಲಗ್ ಕೀಳಿ. ಮಾನಿಟರ್‌ಗಳ ಪ್ಲಗ್ ಕೂಡ. ಪವರ್ ಬಟನ್ ಐದಾರು ಸೆಕೆಂಡ್ ಒತ್ತಿ ಹಿಡಿದರೆ ಉಳಿದ ಕರೆಂಟ್ ಇಳಿಯುತ್ತದೆ.

2. ಪೆಟ್ಟಿಗೆಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿ, ಹಿಂದಿನ ಎರಡು ಸ್ಕ್ರೂ ಬಿಚ್ಚಿ ಪಕ್ಕದ ತಗಡು ತೆಗೆಯಿರಿ. ಬಣ್ಣ ಬಳಿಯದ ಲೋಹದ ಭಾಗವನ್ನು ಮುಟ್ಟಿ, ಕೆಲಸದ ನಡುವೆ ಆಗಾಗ ಮುಟ್ಟುತ್ತಿರಿ. ರಾಯಚೂರು, ಕಲಬುರಗಿಯ ಒಣ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಚಾಪೆ, ಪಾಲಿಯೆಸ್ಟರ್ ಬಟ್ಟೆಯಿಂದ ಸ್ಥಿರ ವಿದ್ಯುತ್ ಬೇಗ ಕೂಡುತ್ತದೆ.

3. ಸ್ಲಾಟ್‌ಗೆ ಎದುರಾಗಿರುವ ಹಿಂಬದಿಯ ಪಟ್ಟಿ ತೆಗೆಯಿರಿ. ಅಗ್ಗದ ಪೆಟ್ಟಿಗೆಗಳಲ್ಲಿ ಅದು ಮುರಿದು ತೆಗೆಯುವ ತಗಡು, ಅಂಚು ಬ್ಲೇಡಿನಂತಿರುತ್ತದೆ. ಸ್ಕ್ರೂಡ್ರೈವರಿನಿಂದ ಹಿಂದೆ ಮುಂದೆ ಅಲುಗಿಸಿ ಮುರಿಯಿರಿ. ತುಂಡು ಬೋರ್ಡಿನ ಮೇಲೆ ಬೀಳದಂತೆ ಇನ್ನೊಂದು ಕೈ ಅಡ್ಡ ಹಿಡಿಯಿರಿ.

4. ಸ್ಲಾಟಿನ ತುದಿಯ ಕೊಕ್ಕೆ ತೆರೆಯಿರಿ. ಕಾರ್ಡನ್ನು ಅಂಚುಗಳಲ್ಲಿ ಹಿಡಿದು, ತಗಡಿನ ಪಟ್ಟಿಯ ಕೆಳತುದಿ ಬೋರ್ಡಿಗೂ ಪೆಟ್ಟಿಗೆಗೂ ನಡುವಿನ ಸಂದಿಗೆ ಇಳಿಯುವಂತೆ ಹೊಂದಿಸಿ, ಎರಡೂ ತುದಿಗೆ ಸಮನಾಗಿ ಒತ್ತಿ. ‘ಟಕ್’ ಎಂದು ಕೊಕ್ಕೆ ಬೀಳಬೇಕು. ಚಿನ್ನದ ಬಣ್ಣದ ಪಟ್ಟಿ ಕಾಣುತ್ತಿದ್ದರೆ ಪೂರ್ತಿ ಕೂತಿಲ್ಲ.

5. ಸ್ಕ್ರೂ ಹಾಕಿ. ಸ್ಕ್ರೂ ಇಲ್ಲದೆ ಬಿಟ್ಟರೆ ಭಾರದ ಎಚ್‌ಡಿಎಂಐ ಕೇಬಲ್ ಕಾರ್ಡನ್ನು ಓರೆಯಾಗಿ ಎಳೆಯುತ್ತದೆ.

6. ಎರಡು ಕಾರ್ಡ್‌ಗಳ ನಡುವೆ ಗಾಳಿಗೆ ಜಾಗವಿರಲಿ. ಮೊದಲ ಕಾರ್ಡಿನ ಫ್ಯಾನ್ ಕೆಳಮುಖವಾಗಿರುತ್ತದೆ. ಅದಕ್ಕೆ ಅಂಟಿದಂತೆ ಎರಡನೆಯದು ಕೂತರೆ ಮೊದಲನೆಯದು ಬಿಸಿಯಾಗುತ್ತದೆ. ಆಯ್ಕೆ ಇದ್ದರೆ ಅತಿ ಕೆಳಗಿನ ಸ್ಲಾಟ್ ಹಿಡಿಯಿರಿ.

7. ಮಾನಿಟರ್ ಕೇಬಲ್‌ಗಳನ್ನು ಸಿಕ್ಕಿಸಿದ ಮೇಲೆಯೇ ಗೋಡೆಯ ಪ್ಲಗ್ ಹಾಕಿ.

ಕೊನೆಯ ಹಂತದ ಕ್ರಮಕ್ಕೆ ಕಾರಣವಿದೆ. ಪೆಟ್ಟಿಗೆ ಮುಟ್ಟಿದರೆ ಕೈ ಜುಮ್ ಎನ್ನುವ ಮನೆಗಳಲ್ಲಿ ಅರ್ಥಿಂಗ್ ಸರಿಯಿಲ್ಲ ಎಂದರ್ಥ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ಥ್ ಸಿಗದಿದ್ದಾಗ ಲೋಹದ ಮೈಯನ್ನು ಹೆಚ್ಚುಕಡಿಮೆ ಅರ್ಧ ಮೇನ್ಸ್ ವೋಲ್ಟೇಜಿಗೆ ಎತ್ತಿಡುತ್ತವೆ. ಕರೆಂಟ್ ತೀರಾ ಅಲ್ಪ, ಆದರೆ ಬೇರೆ ಸಾಕೆಟ್‌ನಲ್ಲಿರುವ ಮಾನಿಟರ್‌ಗೆ ಚಾಲೂ ಸ್ಥಿತಿಯಲ್ಲಿ ಎಚ್‌ಡಿಎಂಐ ಚುಚ್ಚಿದಾಗ ಸಣ್ಣ ಕಿಡಿ ಹಾರಿ ಪೋರ್ಟ್ ಸಾಯಬಹುದು. ಪೆಟ್ಟಿಗೆ, ಎರಡೂ ಮಾನಿಟರ್ ಒಂದೇ ಸ್ಪೈಕ್‌ಬಸ್ಟರ್‌ನಲ್ಲಿರಲಿ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿಮಾಡಿಸುವುದನ್ನು ಮುಂದೂಡಬೇಡಿ.

ಮೊದಲ ಸ್ಟಾರ್ಟ್

ಆನ್ ಮಾಡಿದಾಗ ಹಳೆಯ ಮಾನಿಟರ್ ಕಪ್ಪಾಗಿದ್ದು ಹೊಸದರಲ್ಲಿ ಚಿತ್ರ ಬಂದರೆ ಗಾಬರಿ ಬೇಡ. ಬಯೋಸ್ ಯಾವ ಕಾರ್ಡನ್ನು ಮೊದಲನೆಯದೆಂದು ಎಣಿಸಿತೋ ಅಲ್ಲಿ ಲೋಗೊ ಕಾಣುತ್ತದೆ. ‘ಪ್ರೈಮರಿ ಡಿಸ್‌ಪ್ಲೇ’ ಅಥವಾ ‘ಇನಿಶಿಯಲ್ ಡಿಸ್‌ಪ್ಲೇ ಔಟ್‌ಪುಟ್’ ಎಂಬಲ್ಲಿ ಮೇಲಿನ ಸ್ಲಾಟ್ ಆರಿಸಿ. 2012ಕ್ಕಿಂತ ಹಿಂದಿನ ಕಾರ್ಡ್‌ಗಳಿಗೆ ಸಾಮಾನ್ಯವಾಗಿ ಯುಇಎಫ್‌ಐ (ಹೊಸ ಬಗೆಯ ಬಯೋಸ್) ಬೆಂಬಲ ಇರುವುದಿಲ್ಲ. ಸಿಎಸ್‌ಎಂ (ಹಳೆಯ ಬಯೋಸ್ ಪದ್ಧತಿಗೆ ಹೊಂದಿಕೊಳ್ಳುವ ಆಯ್ಕೆ) ಆಫ್ ಮಾಡಿರುವ ಬೋರ್ಡಿನಲ್ಲಿ ಅಂಥ ಕಾರ್ಡ್ ಸ್ಟಾರ್ಟ್ ಹೊತ್ತಿಗೆ ಚಿತ್ರವನ್ನೇ ಕೊಡದು.

ವಿಂಡೋಸ್ ಬಂದ ಮೇಲೆ ಡಿವೈಸ್ ಮ್ಯಾನೇಜರ್ ತೆರೆದು ‘ಡಿಸ್‌ಪ್ಲೇ ಅಡಾಪ್ಟರ್ಸ್’ ಬಿಡಿಸಿ. ಎರಡು ಹೆಸರು ಕಾಣಬೇಕು. ಒಂದು ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಅದಕ್ಕೆ ಡ್ರೈವರ್ ಹಾಕಬೇಕು. ಹಾಕಿ, ರೀಸ್ಟಾರ್ಟ್ ಮಾಡಿ.

ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ. ‘ಐಡೆಂಟಿಫೈ’ ಒತ್ತಿದರೆ ಎರಡೂ ಪರದೆಯ ಮೇಲೆ 1, 2 ಮೂಡುತ್ತದೆ. ಮೇಜಿನ ಮೇಲೆ ಇರುವಂತೆಯೇ ಚೌಕಗಳನ್ನು ಎಳೆದು ಜೋಡಿಸಿ, ಮೇಲಂಚು ಸರಿಸಮ ಮಾಡಿ. ಇಲ್ಲದಿದ್ದರೆ ಮೌಸ್ ಬಾಣ ಅಂಚಿನಲ್ಲಿ ತಡೆದು ನಿಲ್ಲುತ್ತದೆ. ‘ಎಕ್ಸ್‌ಟೆಂಡ್’ ಆರಿಸಿ. ಬಲಶಾಲಿ ಕಾರ್ಡಿನ ಮಾನಿಟರನ್ನು ಮುಖ್ಯ ಡಿಸ್‌ಪ್ಲೇ ಮಾಡಿ, ಆಟಗಳೂ ಭಾರದ ತಂತ್ರಾಂಶಗಳೂ ಅಲ್ಲೇ ತೆರೆಯುತ್ತವೆ. ಇದೇ ಪುಟದ ‘ಗ್ರಾಫಿಕ್ಸ್’ ವಿಭಾಗದಲ್ಲಿ ಯಾವ ತಂತ್ರಾಂಶಕ್ಕೆ ಯಾವ ಕಾರ್ಡ್ ಎಂದು ಗೊತ್ತುಮಾಡಬಹುದು. ಎರಡನೇ ಪರದೆಯಲ್ಲೇ ಯಾವಾಗಲೂ ಇರುವ ವಿಡಿಯೊ ಪ್ಲೇಯರ್‌ಗೆ ಎರಡನೇ ಕಾರ್ಡನ್ನೇ ಕೊಟ್ಟರೆ ಮೇಲೆ ಹೇಳಿದ ನಕಲಿನ ಹೊರೆ ತಪ್ಪುತ್ತದೆ.

ರೆಸಲ್ಯೂಷನ್ ಪ್ರತಿ ಮಾನಿಟರ್‌ಗೂ ಅದರದೇ ಮೂಲ ಅಳತೆಯಲ್ಲಿರಲಿ. ಕನ್ನಡ ಓದುವವರಿಗೆ ಇದು ಇಂಗ್ಲಿಷ್ ಓದುವವರಿಗಿಂತ ಹೆಚ್ಚು ಮುಖ್ಯ. ಅಳತೆ ತಪ್ಪಿದ ಪರದೆಯಲ್ಲಿ ಮೊದಲು ಹಾಳಾಗುವುದು ಒತ್ತಕ್ಷರ. ‘ಷ್ಟ್ರ’, ‘ಕ್ಷ್ಮ’ದಂಥವು ಮಸಿಯ ಚುಕ್ಕೆಯಾಗಿ ಕಾಣುತ್ತವೆ. ಅಕ್ಷರಗಳನ್ನು ತಿದ್ದಿ ತೋರಿಸುವ ಕ್ಲಿಯರ್‌ಟೈಪ್ ಹೊಂದಾಣಿಕೆಯನ್ನು ಎರಡೂ ಮಾನಿಟರ್‌ಗೆ ಬೇರೆ ಬೇರೆಯಾಗಿ ಮಾಡಿಸಿ.

ಕೈಕೊಟ್ಟಾಗ

ಡಿವೈಸ್ ಮ್ಯಾನೇಜರ್‌ನಲ್ಲಿ ಹಳದಿ ಗುರುತಿನ ಜೊತೆ ‘ಕೋಡ್ 12’ ಬಂದರೆ ಕಾರ್ಡಿಗೆ ವಿಳಾಸದ ಜಾಗ ಸಿಕ್ಕಿಲ್ಲ. ಬಯೋಸ್‌ನಲ್ಲಿ ‘ಅಬೌ 4ಜಿ ಡಿಕೋಡಿಂಗ್’ ಆನ್ ಮಾಡಿ. ‘ಕೋಡ್ 43’ ಬಂದರೆ ಮೊದಲು ಡ್ರೈವರ್ ಜೋಡಿ ಹೊಂದುತ್ತದೆಯೇ ನೋಡಿ. ಹೊಂದುವುದಾದರೆ ಸೇಫ್ ಮೋಡ್‌ಗೆ ಹೋಗಿ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಬಳಸಿ ಎಲ್ಲ ಅಳಿಸಿ, ಹೊಸದಾಗಿ ಹಾಕಿ. ಆಗಲೂ ಬಂದರೆ ಆ ಕಾರ್ಡೊಂದನ್ನೇ ಮೇಲಿನ ಸ್ಲಾಟ್‌ನಲ್ಲಿಟ್ಟು ಪರೀಕ್ಷಿಸಿ. ಅಲ್ಲೂ ಅದೇ ಕೋಡ್ ಕಂಡರೆ ಕಾರ್ಡೇ ಕೆಟ್ಟಿರುವ ಸಾಧ್ಯತೆ ಹೆಚ್ಚು.

ಕಾರ್ಡ್ ಪಟ್ಟಿಯಲ್ಲೇ ಇಲ್ಲದಿದ್ದರೆ ಮತ್ತೊಮ್ಮೆ ಕಿತ್ತು ಕೂರಿಸಿ. ಸೆಕೆಂಡ್‌ಹ್ಯಾಂಡ್ ಕಾರ್ಡಿನ ಚಿನ್ನದ ಪಟ್ಟಿಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಕರಾವಳಿಯ ತೇವದಲ್ಲಿ ಇದ್ದುಬಂದ ಕಾರ್ಡ್ ಎಷ್ಟೋ ಸಲ ಇಷ್ಟಕ್ಕೇ ಎಚ್ಚರಾಗುತ್ತದೆ.

ಲಿನಕ್ಸ್‌ನಲ್ಲಿ ಗ್ನೋಮ್ ಡೆಸ್ಕ್‌ಟಾಪನ್ನು ವೇಲ್ಯಾಂಡ್ (ಪರದೆ ನಡೆಸುವ ಹೊಸ ವ್ಯವಸ್ಥೆ) ಮೇಲೆ ಬಳಸುವವರಿಗೆ ಎಎಂಡಿ ಅಥವಾ ಇಂಟೆಲ್ ಜೋಡಿ ಸಾಮಾನ್ಯವಾಗಿ ಹಾಕಿದ ಕೂಡಲೇ ನಡೆಯುತ್ತದೆ. ಅಲ್ಲೂ ಒಂದು ಕಾರ್ಡ್ ಚಿತ್ರ ಬಿಡಿಸಿ ಇನ್ನೊಂದಕ್ಕೆ ನಕಲು ಕಳಿಸುತ್ತದೆ, ಹಾಗಾಗಿ ಲೇನ್‌ಗಳ ಲೆಕ್ಕ ಅಲ್ಲಿಗೂ ಅನ್ವಯ.

ಇನ್ನೊಂದು ತೊಂದರೆ ಕಾರ್ಡಿನದಲ್ಲದಿದ್ದರೂ ಕಾರ್ಡಿನ ತಲೆಗೆ ಬರುತ್ತದೆ. ವಿಜಿಎ ಮಾನಿಟರ್‌ನಲ್ಲಿ ಚಿತ್ರ ಬರುತ್ತದೆ, ಆದರೆ 1024 × 768ರ ಮೇಲೆ ಏರುವುದಿಲ್ಲ, ಮಾನಿಟರಿನ ಹೆಸರಿನ ಬದಲು ‘ಜೆನೆರಿಕ್’ ಎಂದಿರುತ್ತದೆ. ವಿಜಿಎಯ 15 ಪಿನ್‌ಗಳಲ್ಲಿ 12 ಮತ್ತು 15ನೆಯವು ಮಾನಿಟರ್ ತನ್ನ ಪರಿಚಯ ಹೇಳಿಕೊಳ್ಳುವ ದಾರಿ. ಕೆಲವು ಅಗ್ಗದ ಕೇಬಲ್‌ಗಳಲ್ಲಿ ಅವಕ್ಕೆ ವೈರನ್ನೇ ಹಾಕಿರುವುದಿಲ್ಲ, ಹಳೆಯವುಗಳಲ್ಲಿ ಪಿನ್ ಬಾಗಿ ಒಳಗೆ ಸೇರಿಕೊಂಡಿರುತ್ತದೆ. ಕೇಬಲ್ ತುದಿಯನ್ನು ಬೆಳಕಿಗೆ ಹಿಡಿದು ಪಿನ್ ಬಾಗಿದೆಯೇ ನೋಡಿ, ಬಳಿಕ ಬೇರೆ ಕೇಬಲ್ ಹಾಕಿ. ಡ್ರೈವರ್ ಅಳಿಸುವ ಮುಂಚೆ ಇದನ್ನು ಮಾಡಿ.